1979ರ ಹ್ಯಾರಿಸನ್‌ನನ್ನು ಮರೆತಿದ್ದೀರಿ

‘ಆಲ್ ಥಿಂಗ್ಸ್ ಮಸ್ಟ್ ಪಾಸ್’ ಆಲ್ಬಮ್ ಆದ ಮೇಲೆ ಬೀಟಲ್ಸ್ ತಂಡದ ಗಿಟಾರ್ ವಾದಕ ಜಾರ್ಜ್ ಹ್ಯಾರಿಸನ್ ಬತ್ತಿಹೋದ ಎಂದು ನಿಮ್ಮಲ್ಲಿ ಬಂದ ಲೇಖನದ ಲೇಖಕರು ಒಂದೇ ಸಾಲಿನಲ್ಲಿ ಕೈತೊಳೆದುಕೊಂಡಿದ್ದಾರೆ. ಒಪ್ಪಲಾರೆ. ತನ್ನ ಹೆಸರನ್ನೇ ಇಟ್ಟು 1979ರಲ್ಲಿ ಆತ ಹೊರತಂದ ಆಲ್ಬಮ್ ಅವರ ಕಿವಿಗೆ ಬಿದ್ದಂತಿಲ್ಲ.

‘ನಾಟ್ ಗಿಲ್ಟಿ’ಯನ್ನೇ ತೆಗೆದುಕೊಳ್ಳಿ. 1968ರಲ್ಲಿ ಬೀಟಲ್ಸ್ ನೂರಕ್ಕೂ ಹೆಚ್ಚು ಸಲ ನುಡಿಸಿ, ಕೊನೆಗೆ ತಮ್ಮ ಆ ವರ್ಷದ ಆಲ್ಬಮ್‌ಗೆ ಸೇರಿಸದೆ ಬಿಟ್ಟ ಹಾಡು ಅದು. ಆ ಹಳೆಯ ರೂಪದಲ್ಲಿ ಗಿಟಾರ್ ಹಲ್ಲು ಕಡಿಯುತ್ತದೆ. ಹನ್ನೊಂದು ವರ್ಷಗಳ ಬಳಿಕ ಹ್ಯಾರಿಸನ್‌ನ ಈ ಆಲ್ಬಮ್‌ನಲ್ಲಿ ಅದೇ ಮುನಿಸು ಎಲೆಕ್ಟ್ರಿಕ್ ಪಿಯಾನೊ ಜೊತೆ ಎಷ್ಟು ಹದವಾಗಿ ಬರುತ್ತದೆ ಎಂದರೆ, ಊಟ ಮುಗಿಸಿ ಜಗಲಿಯಲ್ಲಿ ಕುಳಿತವರು ಯಾವುದೋ ಕಾಲದ ಜಗಳವನ್ನು ನೆನೆಸಿಕೊಂಡು ನಕ್ಕಂತಿದೆ. ದನಿ ಏರಿಸುವುದೇ ಇಲ್ಲ, ಆದರೆ ಒಂದು ಮಾತನ್ನೂ ಹಿಂದಕ್ಕೆ ಪಡೆಯುವುದಿಲ್ಲ!

ಇದೇ ಆಲ್ಬಮ್‌ನ ‘ಲವ್ ಕಮ್ಸ್ ಟು ಎವ್ರಿವನ್’ನ ಆರಂಭದಲ್ಲಿ ಗಿಟಾರ್ ಹಿಡಿದವನು ಎರಿಕ್ ಕ್ಲಾಪ್ಟನ್. ‘ಬ್ಲೋ ಅವೇ’ಯಲ್ಲಿ ಹ್ಯಾರಿಸನ್‌ನ ಸ್ಲೈಡ್ ಗಿಟಾರ್ ಮಳೆ ನಿಂತ ಮೇಲಿನ ಬಿಸಿಲಿನ ಹಾಗೆ. ಎಲ್ಲವೂ ಚಿನ್ನವೇನಲ್ಲ, ‘ಫಾಸ್ಟರ್’ನಲ್ಲಿ ರೇಸ್ ಕಾರುಗಳು ಗುರ್ರೆಂದ ಕೂಡಲೇ ನಾನು ಮುಂದಿನ ಹಾಡಿಗೆ ಹಾರುತ್ತೇನೆ. ಪಂಕ್ ಮತ್ತು ಡಿಸ್ಕೊ ಅಬ್ಬರಿಸುತ್ತಿದ್ದ ಕಾಲದಲ್ಲಿ ಮಗ ಹುಟ್ಟಿದ ಸಂತೋಷದಲ್ಲಿದ್ದ ಮನುಷ್ಯನ ಮೆಲುದನಿ ಯಾರಿಗೆ ಬೇಕಿತ್ತು?