ಮನೆಗಳ ನಡುವೆ ರೇಷ್ಮೆ ಗೂಡು ಬೇಯಿಸುವ ಸೌದೆ ಒಲೆ: ಶಿಡ್ಲಘಟ್ಟದಲ್ಲಿ ಲೈಸೆನ್ಸ್ ನಿಲ್ಲಿಸಬೇಕೇ?

ಪರ

ಡಿಸೆಂಬರ್ ಚಳಿಯಲ್ಲಿ ಒಂದು ಬೆಳಿಗ್ಗೆ ನಮ್ಮ ಬೀದಿಗೆ ಬನ್ನಿ. ಬೆಳಕು ಹರಿಯುವ ಮೊದಲೇ ರೀಲಿಂಗ್ ಒಲೆಗಳು, ಅಂದರೆ ಗೂಡು ಬೇಯಿಸಿ ರೇಷ್ಮೆ ನೂಲು ಬಿಚ್ಚುವ ಒಲೆಗಳು, ಹೊತ್ತಿರುತ್ತವೆ. ಹೊಗೆ ಮೇಲೇಳುವುದಿಲ್ಲ. ನೆಲದ ಹತ್ತಿರದ ಗಾಳಿ ತಣ್ಣಗಿದ್ದು ಮೇಲಿನದು ಬೆಚ್ಚಗಿದ್ದರೆ, ಪಾತ್ರೆಗೆ ಮುಚ್ಚಳ ಹಾಕಿದ ಹಾಗೆ. ಬಿಸಿಲೇರುವವರೆಗೆ ಹೊಗೆ ಸೂರಿನ ಮಟ್ಟದಲ್ಲೇ ನಿಂತಿರುತ್ತದೆ. ಜೊತೆಗೆ ಬೆಂದ ಹುಳುವಿನ ವಾಸನೆ. ನಮ್ಮತ್ತೆಗೆ ಉಬ್ಬಸ. ಚಳಿಗಾಲದ ಎಷ್ಟೋ ರಾತ್ರಿ ಅವರು ಗೋಡೆಗೆ ಒರಗಿ ಕೂತೇ ಕಳೆಯುತ್ತಾರೆ.

ಸೌದೆ ಹೊಗೆಯಲ್ಲಿ ಕಣ್ಣಿಗೆ ಕಾಣುವ ಮಸಿಗಿಂತ ಕಾಣದ ಕಣಗಳೇ ಅಪಾಯ. 2.5 ಮೈಕ್ರಾನ್‌ಗಿಂತ ಸಣ್ಣವು ನೇರವಾಗಿ ಶ್ವಾಸಕೋಶದ ಒಳಗಿಳಿಯುತ್ತವೆ. ಗಾಳಿಯಲ್ಲಿ ಈ ಕಣಗಳಿಗೆ ನಮ್ಮ ದೇಶದ ಮಿತಿ ವರ್ಷದ ಸರಾಸರಿ ಘನ ಮೀಟರಿಗೆ 40 ಮೈಕ್ರೋಗ್ರಾಂ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ತನ್ನ ಮಿತಿಯನ್ನು 5ಕ್ಕೆ ಇಳಿಸಿತು. ಇದು ನೆರೆಯವರ ತಕರಾರು ಮಾತ್ರ ಅಂದುಕೊಳ್ಳಬೇಡಿ. ಎಲ್ಲರಿಗಿಂತ ಜಾಸ್ತಿ ಹೊಗೆ ಕುಡಿಯುವವರು ಬೇಸಿನ್ ಎಂಬ ಬಿಸಿನೀರ ತೊಟ್ಟಿಯ ಮುಂದೆ ಕೂತು ಗೂಡಿನ ಎಳೆ ಹಿಡಿಯುವ ಹೆಂಗಸರು.

ಜನರಿಗೆ ತೊಂದರೆ ಕೊಡುವ ಕಸುಬುಗಳನ್ನು ಲೈಸೆನ್ಸ್ ಮೂಲಕ ಹಿಡಿತದಲ್ಲಿಡಲು 1964ರ ಪುರಸಭೆಗಳ ಕಾಯ್ದೆಯಲ್ಲೇ ದಾರಿ ಇದೆ. ಒಂದೇ ಬಾಯ್ಲರ್‌ನ ಹಬೆಯನ್ನು ಹಲವು ಬೇಸಿನ್‌ಗಳಿಗೆ ಪೈಪಿನಲ್ಲಿ ಕೊಡಬಹುದು. ಆಗ ಹತ್ತು ಒಲೆಯ ಬದಲು ಒಂದು ಎತ್ತರದ ಚಿಮಣಿ ಸಾಕು. ಎರಡು ವರ್ಷ ಗಡುವು ಕೊಡಲಿ. ಆಮೇಲೆ ಲೈಸೆನ್ಸ್ ನವೀಕರಿಸುವುದು ಬೇಡ. ಗಡುವಿಲ್ಲದಿದ್ದರೆ ಯಾರೂ ಬದಲಾಗುವುದಿಲ್ಲ.

ವಿರೋಧ

ನಾನು ರೀಲರ್ ಮನೆಯವನು. ಹೊಗೆ ಇಲ್ಲ ಎಂದು ಹೇಳುವುದಿಲ್ಲ. ನಮ್ಮಮ್ಮ ಮೂವತ್ತು ವರ್ಷ ಒಲೆಯ ಮುಂದೆ ಕೂತವರು. ಅವರ ಕೆಮ್ಮು ಕೇಳುತ್ತಲೇ ನಾನು ಬೆಳೆದೆ.

ಆದರೆ ಈ ಕೆಲಸ ಹೇಗೆ ನಡೆಯುತ್ತದೆ ನೋಡಿ. ಗೂಡಿನ ಎಳೆಗಳನ್ನು ಸೆರಿಸಿನ್ ಎಂಬ ಅಂಟು ಹಿಡಿದಿರುತ್ತದೆ. ಬಿಸಿನೀರಲ್ಲಿ ಬೆಂದು ಅದು ಮೆದುವಾದರೆ ಮಾತ್ರ ಎಳೆ ಬಿಚ್ಚುತ್ತದೆ. ಹಾಗಾಗಿ ನೂಲು ಬಿಚ್ಚುವಷ್ಟು ಹೊತ್ತೂ ಒಲೆ ಆರುವಂತಿಲ್ಲ. ಒಂದು ಕೆಜಿ ನೂಲಿಗೆ ಸುಮಾರು 6ರಿಂದ 8 ಕೆಜಿ ಗೂಡು ಬೇಕು. ಗೂಡಿಗೆ ಮಾರುಕಟ್ಟೆಯಲ್ಲಿ ಮೊದಲೇ ದುಡ್ಡು ಕಟ್ಟಬೇಕು. ನೂಲು ಮಾರುವಾಗ ಮಾತ್ರ ಅವತ್ತಿನ ದರವೇ ಗತಿ. 2011ರ ಬಜೆಟ್ಟಿನಲ್ಲಿ ಕಚ್ಚಾ ರೇಷ್ಮೆಯ ಆಮದು ಸುಂಕವನ್ನು ಶೇ 30ರಿಂದ 5ಕ್ಕೆ ಇಳಿಸಿದಾಗ ಬಿದ್ದ ಪೆಟ್ಟು ನಮಗೆ ಇನ್ನೂ ನೆನಪಿದೆ. ಇಷ್ಟು ಸಣ್ಣ ಲಾಭದಲ್ಲಿ ಗ್ಯಾಸ್ ಉರಿಸಿದರೆ ಉಳಿಯುವುದೇನು?

ಆಟೊಮ್ಯಾಟಿಕ್ ಯಂತ್ರ ಹಾಕಿ, ಸಬ್ಸಿಡಿ ಇದೆ ಎನ್ನುತ್ತಾರೆ. ಅದಕ್ಕೆ ಒಂದೇ ಸಮನಾದ ಒಳ್ಳೆಯ ಬೈವೋಲ್ಟೈನ್ ಎಂಬ ತಳಿಯ ಬಿಳಿ ಗೂಡು ಬೇಕು. ಚರಕ, ಕಾಟೇಜ್ ಬೇಸಿನ್ ಎಂಬ ಸಣ್ಣ ಸಾಧನ ಇಟ್ಟುಕೊಂಡ ನಮ್ಮಂಥವರು ಬಿಚ್ಚುವುದು ಹೆಚ್ಚಾಗಿ ಮಿಶ್ರತಳಿಯ ಹಳದಿ ಗೂಡು. ನಮ್ಮ ಒಲೆ ಆರಿದರೆ ಆ ಗೂಡು ಬೆಳೆದ ರೈತ ಯಾರಿಗೆ ಮಾರಬೇಕು?

ಇನ್ನೊಂದು ಮಾತು. ಲೈಸೆನ್ಸ್ ಇಲ್ಲದವನಿಗೆ ಬ್ಯಾಂಕಿನಲ್ಲಿ ಸಾಲ ಸಿಗುವುದು ಕಷ್ಟ. ಸಾಲ ಇಲ್ಲದೆ ಬಾಯ್ಲರ್ ಎಲ್ಲಿಂದ ಬರಬೇಕು? ಲೈಸೆನ್ಸ್ ನಿಲ್ಲಿಸಿದರೆ ಒಲೆ ನಿಲ್ಲುವುದಿಲ್ಲ. ಕಿಟಕಿ ಮುಚ್ಚಿ ರಾತ್ರಿ ಉರಿಸುತ್ತಾರೆ. ಆಗ ಬೀದಿಗೆ ಹೋಗುವ ಹೊಗೆ ಒಳಗೇ ಉಳಿದು ನಮ್ಮ ಹೆಂಗಸರ ಎದೆಗೇ ಇಳಿಯುತ್ತದೆ, ಅಲ್ವಾ?

ಬಾಯ್ಲರ್ ವಿಷಯದಲ್ಲಿ ಪರ ಬರೆದವರ ಮಾತು ನಿಜ. ಆದರೆ ಬಾಡಿಗೆ ಮನೆಯಲ್ಲಿ ಎರಡು ಬೇಸಿನ್ ಇಟ್ಟುಕೊಂಡವನು ಅದನ್ನು ಒಬ್ಬನೇ ತರಲಾರ. ಸದ್ಯಕ್ಕೆ ಆಗುವ ಕೆಲಸಗಳೂ ಇವೆ. ಅಕ್ಕಪಕ್ಕದ ಮನೆ ಮಾಳಿಗೆಗಿಂತ ಎತ್ತರದ ಚಿಮಣಿ ಕಡ್ಡಾಯ ಮಾಡಲಿ. ಒಣಗಿದ ಸೌದೆ ಮಾತ್ರ ಎನ್ನಲಿ. ಹಸಿ ಸೌದೆಯ ಹೊಗೆ ತುಂಬಾ ಜಾಸ್ತಿ. ಪ್ಲಾಸ್ಟಿಕ್, ಹಳೆ ಟೈರು ಒಲೆಗೆ ಹಾಕಿದವನಿಗೆ ದಂಡ ಹಾಕಲಿ, ನಾನು ಬೇಡ ಅನ್ನುವುದಿಲ್ಲ. ಆಮೇಲೆ ನಗರಸಭೆಯೂ ರೇಷ್ಮೆ ಇಲಾಖೆಯೂ ಸೇರಿ ಊರಂಚಿನಲ್ಲಿ ಹಬೆ ಸಂಪರ್ಕ ಇರುವ ಶೆಡ್ ಕಟ್ಟಿ ಬಾಡಿಗೆಗೆ ಕೊಡಲಿ. ಹೆಂಗಸರು ನಡೆದು ಹೋಗಿ ಬರುವಷ್ಟು ಹತ್ತಿರ ಇರಲಿ, ಅಷ್ಟೇ. ಅವತ್ತು ನಮ್ಮ ಮನೆಯ ಒಲೆಯನ್ನು ನಾನೇ ಒಡೆಯುತ್ತೇನೆ.