ಅಡ್ಜಸ್ಟ್ ಯಾರು ಮಾಡಿಕೊಳ್ಳಬೇಕು?

ಪಾರ್ಶ್ವವಾಯು ಬಡಿದು ಎಡಗಾಲು ಸೋತ ಮೇಲೆ ಅಮ್ಮನನ್ನು ಮೈಸೂರಿನಿಂದ ಬೋಸ್ಟನ್ ಹೊರವಲಯದ ನಮ್ಮ ಬಾಡಿಗೆ ಮನೆಗೆ ಕರೆತಂದೆವು. ಬಚ್ಚಲಲ್ಲಿ ಹಿಡಿದುಕೊಂಡು ಏಳುವುದಕ್ಕೆ ಅವರಿಗೊಂದು ಕಂಬಿ ಬೇಕಿತ್ತು. ಅಪಾರ್ಟ್‌ಮೆಂಟಿನ ಕಚೇರಿಗೆ ಪತ್ರ ಕೊಟ್ಟು ಒಪ್ಪಿಗೆ ಪಡೆದೆ. ಕೆಲಸಕ್ಕೆ ಬಂದ ಬಡಗಿ ಕಮೋಡಿನ ಪಕ್ಕದ ಗೋಡೆಯನ್ನು ಬೆರಳಿನ ಗೆಣ್ಣಿನಿಂದ ತಟ್ಟುತ್ತಾ ಹೋದ. ಇಲ್ಲಿನ ಒಳಗೋಡೆಗಳು ಜಿಪ್ಸಮ್ ಹಲಗೆಯವು, ತಟ್ಟಿದರೆ ಟೊಳ್ಳು ಸದ್ದು ಬರುತ್ತದೆ, ಕಂಬಿಯ ಭಾರವನ್ನಂತೂ ಅವು ತಡೆಯುವುದಿಲ್ಲ. ಒಂದು ಕಡೆ ಸದ್ದು ಗಟ್ಟಿಯಾಯಿತು. ಅವನು ನಕ್ಕು, ಒಳಗೆ ಪ್ಲೈವುಡ್ ಇದೆ, ಅರ್ಧ ಗಂಟೆಯ ಕೆಲಸ ಎಂದ. ಕಟ್ಟಡ ತೊಂಬತ್ತರ ದಶಕದ ಕೊನೆಯದು. ಅದನ್ನು ಕಟ್ಟುವ ಹೊತ್ತಿಗೆ ಅಮ್ಮ ದಿನಕ್ಕೆ ಎರಡು ಸಲ ತಾರಸಿ ಹತ್ತಿ ಬಟ್ಟೆ ಒಣಹಾಕಿ ಇಳಿಯುತ್ತಿದ್ದರು.

ಆ ಪ್ಲೈವುಡ್ಡು ಕಟ್ಟಿಸಿದವನ ಮುಂದಾಲೋಚನೆಯಿಂದ ಅಲ್ಲಿಗೆ ಬಂದದ್ದಲ್ಲ. ಅಮೆರಿಕದ ಫೇರ್ ಹೌಸಿಂಗ್ ಆಕ್ಟ್ ಪ್ರಕಾರ, ನಾಲ್ಕು ಅಥವಾ ಅದಕ್ಕಿಂತ ಹೆಚ್ಚು ಮನೆಗಳಿರುವ, 1991ರ ಮಾರ್ಚ್ 13ರ ನಂತರ ಮೊದಲ ವಾಸಕ್ಕೆ ತೆರೆದುಕೊಂಡ ಕಟ್ಟಡಗಳಲ್ಲಿ, ಲಿಫ್ಟ್ ಇದ್ದರೆ ಎಲ್ಲ ಮನೆಗಳಲ್ಲೂ, ಇಲ್ಲದಿದ್ದರೆ ನೆಲ ಅಂತಸ್ತಿನ ಮನೆಗಳಲ್ಲಿ, ಗಾಲಿಕುರ್ಚಿ ನುಗ್ಗುವಷ್ಟು ಅಗಲದ ಬಾಗಿಲು, ಕುಳಿತವರ ಕೈಗೆ ಎಟುಕುವ ಸ್ವಿಚ್ಚು, ಗಾಲಿಕುರ್ಚಿ ತಿರುಗಿಸಲು ಜಾಗವಿರುವ ಅಡುಗೆಮನೆ, ಮುಂದೆಂದಾದರೂ ಕಂಬಿ ಜೋಡಿಸಬಹುದಾದಷ್ಟು ಗಟ್ಟಿ ಮಾಡಿದ ಬಚ್ಚಲ ಗೋಡೆ, ಇವೆಲ್ಲ ಇರಲೇಬೇಕು. ಕಂಬಿಯನ್ನೇ ಹಾಕಿಕೊಡಬೇಕೆಂದು ಕಾನೂನು ಹೇಳುವುದಿಲ್ಲ. ಯಾರಿಗಾದರೂ ಬೇಕಾದ ದಿನ ಗೋಡೆ ಇಲ್ಲ ಎನ್ನಬಾರದು, ಅಷ್ಟೇ.

ಈ ಕಾನೂನು ಹುಟ್ಟಿದ್ದು ಬೇರೆಯೇ ಸಂದರ್ಭದಲ್ಲಿ. 1968ರ ಏಪ್ರಿಲ್ 4ರಂದು ಮಾರ್ಟಿನ್ ಲೂಥರ್ ಕಿಂಗ್ ಅವರ ಹತ್ಯೆಯಾಯಿತು. ಒಂದು ವಾರದಲ್ಲಿ, ಏಪ್ರಿಲ್ 11ರಂದು, ಅಧ್ಯಕ್ಷ ಲಿಂಡನ್ ಜಾನ್ಸನ್ ಇದಕ್ಕೆ ಸಹಿ ಹಾಕಿದರು. ಆಗ ಅದು ಜನಾಂಗ, ಬಣ್ಣ, ಧರ್ಮ, ಮೂಲದೇಶಗಳ ಹೆಸರಿನಲ್ಲಿ ಮನೆ ನಿರಾಕರಿಸುವುದನ್ನು ತಡೆಯುವ ಕಾನೂನಾಗಿತ್ತು. 1974ರಲ್ಲಿ ಲಿಂಗಭೇದವೂ ಸೇರಿತು. ಅಂಗವಿಕಲರೂ ಮಕ್ಕಳಿರುವ ಕುಟುಂಬಗಳೂ ಇದರ ನೆರಳಿಗೆ ಬಂದದ್ದು ಇಪ್ಪತ್ತು ವರ್ಷ ತಡವಾಗಿ, 1988ರ ತಿದ್ದುಪಡಿಯಿಂದ. ಕಾನೂನಿಗೆ ಹಲ್ಲು ಬಂದದ್ದೂ ಆಗಲೇ. ಅಲ್ಲಿಯವರೆಗೆ ಕೇಂದ್ರದ ವಸತಿ ಇಲಾಖೆ ದೂರು ಬಂದರೆ ಎರಡೂ ಕಡೆಯವರನ್ನು ಕೂರಿಸಿ ರಾಜಿ ಮಾಡಿಸಬಹುದಿತ್ತು, ಅದಕ್ಕಿಂತ ಹೆಚ್ಚಿನದೇನನ್ನೂ ಮಾಡುವಂತಿರಲಿಲ್ಲ.

ನನಗೆ ಈ ಕಾನೂನಿನ ತಿರುಳು ಅರ್ಥವಾದದ್ದು ಪಾರ್ಕಿಂಗ್ ಜಾಗದ ವಿಚಾರದಲ್ಲಿ. ನಮ್ಮ ಕಟ್ಟಡದಲ್ಲಿ ಮೊದಲು ಬಂದವರಿಗೆ ಮೊದಲ ಜಾಗ. ಜನವರಿಯ ಹಿಮದಲ್ಲಿ, ನೆಲ ಗಾಜಿನಂತೆ ಜಾರುತ್ತಿರುವಾಗ, ಅಮ್ಮನನ್ನು ಆಸ್ಪತ್ರೆಯಿಂದ ಕರೆತಂದು ದೂರದ ಮೂಲೆಯಲ್ಲಿ ಕಾರು ನಿಲ್ಲಿಸಿ ನಡೆಸಿಕೊಂಡು ಬರುವುದು ಭಯದ ಕೆಲಸವಾಗಿತ್ತು. ಬಾಗಿಲ ಬಳಿಯ ಒಂದು ಜಾಗವನ್ನು ನಮಗೆ ಗೊತ್ತು ಮಾಡಿಕೊಡಿ ಎಂದು ಕೇಳಿದೆ. ಮ್ಯಾನೇಜರ್ ಒಳ್ಳೆಯ ಹೆಂಗಸೇ, ಆದರೆ, "ನಿಯಮ ಎಲ್ಲರಿಗೂ ಒಂದೇ, ನಿಮಗೆ ಮಾಡಿಕೊಟ್ಟರೆ ನಾಳೆ ಎಲ್ಲರೂ ಕೇಳುತ್ತಾರೆ" ಎಂದುಬಿಟ್ಟರು. ನಮ್ಮೂರಿನಲ್ಲಿ ನೂರು ಸಲ ಕೇಳಿದ್ದ ಮಾತು ಅದು. ನಾನು ತಲೆಯಾಡಿಸಿ ಬಂದೆ. ಬಿಟ್ಟುಕೊಡದವಳು ನನ್ನ ಹೆಂಡತಿ. ಈ ಕಾನೂನಿನ ನಿಯಮಾವಳಿಯನ್ನೇ ತೆರೆದು ತೋರಿಸಿದಳು. ಅದರಲ್ಲಿ 300 ಮನೆಗಳು, 450 ಪಾರ್ಕಿಂಗ್ ಜಾಗಗಳಿರುವ ಕಟ್ಟಡವೊಂದರ ಉದಾಹರಣೆ ಇದೆ: ನಡೆಯಲು ಕಷ್ಟವಿರುವ ಬಾಡಿಗೆದಾರ ಹತ್ತಿರದ ಜಾಗ ಕೇಳಿದಾಗ, ಮೊದಲು ಬಂದವರಿಗೆ ಮೊದಲು ಎಂಬ ನಿಯಮ ತೋರಿಸಿ ನಿರಾಕರಿಸಿದರೆ ಅದೇ ತಾರತಮ್ಯ. ಪತ್ರ ಕೊಟ್ಟ ಹತ್ತನೆಯ ದಿನ ಬಾಗಿಲ ಬಳಿ ನಮ್ಮ ಮನೆ ನಂಬರಿನ ಫಲಕ ಬಂತು. ಅಮ್ಮನ ಕಾಯಿಲೆ ಏನು, ಎಷ್ಟು ತೀವ್ರ ಎಂದು ಯಾರೂ ಕೇಳಲಿಲ್ಲ. ಅಂಥ ವಿವರ ಕೆದಕುವುದಕ್ಕೂ ಮಿತಿಯಿದೆ. ಅಗತ್ಯ ಕಣ್ಣಿಗೆ ಕಾಣುವಂತಿಲ್ಲದಿದ್ದರೆ ಮಾತ್ರ ವೈದ್ಯರಿಂದಲೋ ಬಲ್ಲ ಬೇರೆಯವರಿಂದಲೋ ಒಂದು ಮಾತು ಬರೆಸಿ ತನ್ನಿ ಎನ್ನಬಹುದು.

ಅಂಗವೈಕಲ್ಯವಿರುವವರಿಗಾಗಿ ನಿಯಮವನ್ನು ಹೀಗೆ ಸಡಿಲಿಸಿಕೊಡುವುದನ್ನು ಇಲ್ಲಿ ರೀಸನಬಲ್ ಅಕಾಮಡೇಶನ್ ಎನ್ನುತ್ತಾರೆ. ನಮ್ಮ ಕಾನೂನಿನ ಕನ್ನಡದಲ್ಲಿ ಸಮಂಜಸ ಹೊಂದಾಣಿಕೆ ಎಂದು ಬರೆದಾರು. ನನಗೆ ಮಾತ್ರ ನೆನಪಾಗುವುದು ನಾವು ದಿನಕ್ಕೆ ಹತ್ತು ಸಲ ಬಳಸುವ ಒಂದು ಪದ: ಅಡ್ಜಸ್ಟ್. ಬಸ್ಸಿನ ಸೀಟಿನಿಂದ ಹಿಡಿದು ಮದುವೆಯ ಛತ್ರದವರೆಗೆ "ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ" ಎನ್ನದೆ ನಮ್ಮ ಬದುಕು ಸಾಗುವುದಿಲ್ಲ, ಮತ್ತು ಅದರಲ್ಲಿ ಒಂದು ಔದಾರ್ಯವೂ ಇದೆ. ಆದರೆ ಮನೆಯ ವಿಷಯದಲ್ಲಿ ಆ ಮಾತನ್ನು ಯಾರು ಯಾರಿಗೆ ಹೇಳುತ್ತಾರೆ ಎಂದು ನೋಡಬೇಕು. ಮೆಟ್ಟಿಲಿನ ಮನೆಗೆ ಕಾಲಿಲ್ಲದವನು ಅಡ್ಜಸ್ಟ್ ಮಾಡಿಕೊಳ್ಳುತ್ತಾನೆ, ಮೆಟ್ಟಿಲು ಮಾಡಿಕೊಳ್ಳುವುದಿಲ್ಲ.

ಬೆಂಗಳೂರಿನಲ್ಲಿರುವ ನನ್ನ ತಂಗಿಗೆ ಒಂಬತ್ತು ವರ್ಷದ ಮಗನಿದ್ದಾನೆ. ಆಟಿಸಂ ಇರುವ ಮಗು. ಮಾತು ಕಡಿಮೆ, ಖುಷಿಯಾದರೆ ಜೋರಾಗಿ ಕೂಗುತ್ತಾನೆ, ಸಿಟ್ಟು ಬಂದರೂ ಕೂಗುತ್ತಾನೆ. ಕಳೆದ ಸಲ ಮನೆ ಹುಡುಕುವಾಗ ನಾನೂ ರಜೆಯಲ್ಲಿ ಜೊತೆಗಿದ್ದೆ. ಮನೆ ಒಪ್ಪಿಗೆಯಾಗಿ ಬಾಡಿಗೆ, ಹತ್ತು ತಿಂಗಳ ಅಡ್ವಾನ್ಸು, ನೀರಿನ ಬಿಲ್ಲು ಎಲ್ಲ ಮಾತಾಡಿ, ಓನರಮ್ಮ ಕಾಫಿ ಕೊಟ್ಟ ಮೇಲೆ, ಹುಡುಗ ಕಿಟಕಿಯ ಬಳಿ ನಿಂತು ಒಮ್ಮೆ ಕೂಗಿದ. "ರಾತ್ರಿನೂ ಹೀಗೇ ಮಾಡ್ತಾನೇನಮ್ಮಾ?" ಎಂದು ಅವರು ಕೇಳಿದರು. ಗದರಿಕೆಯಲ್ಲ, ಮರುಕದ ದನಿಯಲ್ಲೇ ಕೇಳಿದರು. ಸಂಜೆ ಬ್ರೋಕರ್ ಫೋನ್ ಮಾಡಿ, ಅವರ ಮಗನೇ ಆ ಮನೆಗೆ ಬರುತ್ತಾನಂತೆ ಎಂದ. ಎರಡು ತಿಂಗಳು ಕಳೆದರೂ ಆ ಗೇಟಿನ ಮೇಲೆ ಮನೆ ಬಾಡಿಗೆಗಿದೆ ಎಂಬ ಬೋರ್ಡು ತೂಗುತ್ತಲೇ ಇತ್ತು.

ನಮ್ಮಲ್ಲಿ ಮಕ್ಕಳೊಂದಿಗರಿಗೆ ಮನೆ ಸಿಗುವುದಿಲ್ಲ ಎಂಬ ದೂರು ಸಾಮಾನ್ಯವಾಗಿ ಕೇಳಿಬರುವುದಿಲ್ಲ. "ಫ್ಯಾಮಿಲಿಗೆ ಮಾತ್ರ" ಎಂದು ಬೋರ್ಡು ಹಾಕುತ್ತಾರೆ, ಪರದಾಡುವವರು ಬ್ಯಾಚುಲರ್‌ಗಳು. ಅಮೆರಿಕದಲ್ಲಿ ಇದು ತಿರುವುಮುರುವು. 1980ರಲ್ಲಿ ನಡೆದ ಸರ್ಕಾರಿ ಸಮೀಕ್ಷೆಯೊಂದರಲ್ಲಿ ನಾಲ್ಕು ಬಾಡಿಗೆ ಮನೆಗಳಲ್ಲಿ ಒಂದು ಮಕ್ಕಳಿಗೆ ಬಾಗಿಲು ಹಾಕಿತ್ತು. ಅದಕ್ಕೇ 1988ರ ತಿದ್ದುಪಡಿಯಲ್ಲಿ, 18 ವರ್ಷದೊಳಗಿನ ಮಕ್ಕಳಿರುವವರನ್ನೂ ಗರ್ಭಿಣಿಯರನ್ನೂ ಮಗುವನ್ನು ತಮ್ಮ ಸುಪರ್ದಿಗೆ ಪಡೆಯುತ್ತಿರುವವರನ್ನೂ ಸೇರಿಸಿದರು. ಮಕ್ಕಳಿದ್ದಾರೆಂದು ನಿರಾಕರಿಸುವಂತಿಲ್ಲ ಮಾತ್ರವಲ್ಲ, ಮಕ್ಕಳಿರುವವರನ್ನೆಲ್ಲ ಹಿಂದಿನ ಬ್ಲಾಕಿಗೇ ಕಳಿಸುವಂತೆಯೂ ಇಲ್ಲ. ಹಾಗೆಂದು ನಿರಾಕರಣೆ ನಿಂತಿಲ್ಲ, ವೇಷ ಬದಲಿಸಿದೆ. ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ 1978ಕ್ಕಿಂತ ಹಿಂದೆ ಕಟ್ಟಿದ ಮನೆಯಲ್ಲಿ ಆರು ವರ್ಷದೊಳಗಿನ ಮಗುವಿದ್ದರೆ, ಸೀಸವಿರುವ ಹಳೆಯ ಬಣ್ಣದ ಅಪಾಯವನ್ನು ಮಾಲೀಕ ತನ್ನ ಖರ್ಚಿನಲ್ಲೇ ನಿವಾರಿಸಬೇಕು. ಆ ಖರ್ಚು ತಪ್ಪಿಸಿಕೊಳ್ಳಲು, ಎರಡು ವರ್ಷದ ಕೂಸಿರುವ ನಮ್ಮ ಸ್ನೇಹಿತರಿಗೆ ಒಬ್ಬಾತ ಫೋನಿನಲ್ಲಿ, "ನಿಮ್ಮ ಮಗುವಿನ ಆರೋಗ್ಯಕ್ಕೆ ಈ ಮನೆ ಒಳ್ಳೆಯದಲ್ಲ" ಎಂದು ಕಾಳಜಿಯ ಮಾತಾಡಿದ. ಅದೂ ಕಾನೂನಿಗೆ ವಿರುದ್ಧವೇ.

ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದಾಗ ನನಗೆ ತೋಚುವುದಿಷ್ಟು: ನಮ್ಮಲ್ಲಿ ಮಕ್ಕಳಿರುವ ಮನೆಯನ್ನು ಕಾಪಾಡುತ್ತಿರುವುದು ರೂಢಿಯೇ ಹೊರತು ಕಾನೂನಲ್ಲ, ಮತ್ತು ಆ ರೂಢಿಯ ದಯೆ ನನ್ನ ತಂಗಿಯ ಮಗನಂಥ ಮಗುವಿನ ಹತ್ತಿರ ಬಂದಾಗ ಮುಗಿದುಹೋಗುತ್ತದೆ. ಕಾನೂನಿನಿಂದ ಮನಸ್ಸು ಬದಲಾಗುತ್ತದೆಯೇ ಎಂದು ನಮ್ಮವರು ಕೇಳುತ್ತಾರೆ. ನಮ್ಮ ಮ್ಯಾನೇಜರ್ ಮನಸ್ಸು ಬದಲಾಯಿತೋ ಇಲ್ಲವೋ ನನಗೆ ತಿಳಿಯದು, ಫಲಕವಂತೂ ಬಂತು.

ಹಾಗಾದರೆ ಭಾರತದಲ್ಲಿ ಕಾನೂನೇ ಇಲ್ಲವೇ ಎಂದರೆ, ಇದೆ, ಆದರೆ ಮನೆಬಾಗಿಲಿನ ಮುಂದೆ ಬಂದು ನಿಂತುಬಿಡುತ್ತದೆ. ಸಂವಿಧಾನದ 15ನೇ ವಿಧಿ ತಾರತಮ್ಯ ಮಾಡಬೇಡವೆಂದು ಹೇಳುವುದು ಮುಖ್ಯವಾಗಿ ಸರ್ಕಾರಕ್ಕೆ. ಖಾಸಗಿಯವರ ಮಟ್ಟಿಗೆ ಅಂಗಡಿ, ಹೋಟೆಲು, ಬಾವಿ, ಕೆರೆಗಳ ಹೆಸರಿದೆ, ಬಾಡಿಗೆ ಮನೆಯ ಹೆಸರಿಲ್ಲ, ಅಂಗವೈಕಲ್ಯದ ಹೆಸರೂ ಇಲ್ಲ. 2005ರಲ್ಲಿ ಜೊರಾಸ್ಟ್ರಿಯನ್ ಗೃಹನಿರ್ಮಾಣ ಸಹಕಾರ ಸಂಘದ ಪ್ರಕರಣದಲ್ಲಿ, ಸದಸ್ಯತ್ವವನ್ನು ಪಾರ್ಸಿಗಳಿಗೆ ಮಾತ್ರ ಮೀಸಲಿಡುವುದು ಸಂಘದ ಹಕ್ಕೆಂದು ಸುಪ್ರೀಂ ಕೋರ್ಟ್ ಒಪ್ಪಿತು. ಅಂಗವಿಕಲ ವ್ಯಕ್ತಿಗಳ ಹಕ್ಕುಗಳ 2016ರ ಕಾಯ್ದೆ ನಿಜಕ್ಕೂ ದೊಡ್ಡ ಹೆಜ್ಜೆ: 21 ಬಗೆಯ ಅಂಗವೈಕಲ್ಯಗಳನ್ನು ಅದು ಗುರುತಿಸುತ್ತದೆ, ಆಟಿಸಂ ಕೂಡ ಅದರಲ್ಲಿದೆ; ಸಮಂಜಸ ಹೊಂದಾಣಿಕೆಯನ್ನು ನಿರಾಕರಿಸುವುದೂ ತಾರತಮ್ಯವೇ ಎನ್ನುತ್ತದೆ; ಸರ್ಕಾರಿ ವಸತಿ ಯೋಜನೆಗಳಲ್ಲಿ ಶೇ. 5ರ ಮೀಸಲಾತಿ ಕೊಡುತ್ತದೆ. ಎಲ್ಲರೂ ಬಳಸುವಂತಿರಬೇಕೆಂಬ ಮಾನದಂಡಗಳನ್ನು ಪಾಲಿಸದ ಕಟ್ಟಡಕ್ಕೆ ಅನುಮತಿ ಕೊಡಬೇಡಿ ಎನ್ನುತ್ತದೆ. ಆದರೆ ಆ ಮಾನದಂಡಗಳ ನಿಯಮವೇ ಬರೀ ಸಲಹೆಯಂತಿದೆ, ಕಾಯ್ದೆಗೆ ತಕ್ಕಂತಿಲ್ಲ, ಕಡ್ಡಾಯವಾದುದನ್ನು ರೂಪಿಸಿ ಎಂದು ರಾಜೀವ್ ರಾತುರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2024ರ ನವೆಂಬರ್‌ನಲ್ಲಿ ಹೇಳಬೇಕಾಯಿತು. ತಂಗಿ ನೋಡಿದ ಒಂದು ಅಪಾರ್ಟ್‌ಮೆಂಟಿನಲ್ಲಿ ರ‍್ಯಾಂಪ್ ಇತ್ತು. ಅದರ ಮೇಲೆ ಸಾಲಾಗಿ ಹೂವಿನ ಕುಂಡಗಳಿದ್ದವು. ಇನ್ನು, ತನ್ನ ಮೇಲಿನ ಮಹಡಿಯನ್ನು ಬಾಡಿಗೆಗೆ ಕೊಡುವ ಒಬ್ಬ ಮಾಲೀಕ ಏನು ಕೇಳಬಹುದು, ಏನು ಕೇಳಬಾರದು ಎಂಬುದನ್ನು ಈ ಕಾಯ್ದೆ ಬಿಡಿಸಿ ಹೇಳುವುದೇ ಇಲ್ಲ. ಅಂಗವಿಕಲರ ಹಕ್ಕುಗಳನ್ನು ನೋಡಿಕೊಳ್ಳುವ ಆಯುಕ್ತರಿಗೆ ದೂರು ಕೊಡಬಹುದು, ಅವರು ಶಿಫಾರಸು ಮಾಡಬಹುದು. 1988ಕ್ಕೆ ಮೊದಲಿನ ಅಮೆರಿಕದ ಇಲಾಖೆಯೂ ಹೆಚ್ಚುಕಡಿಮೆ ಇದೇ ಸ್ಥಿತಿಯಲ್ಲಿತ್ತು.

ಅಮೆರಿಕದ್ದು ಹಾಲು ಜೇನಿನ ವ್ಯವಸ್ಥೆಯೆಂದು ಯಾರೂ ಭಾವಿಸಬೇಕಿಲ್ಲ. ಖಾಸಗಿ ಮನೆಯಲ್ಲಿ ಕಂಬಿಯ ಖರ್ಚು ಬಾಡಿಗೆದಾರನದೇ, ನಾನೂ ಕೈಯಿಂದ ಕೊಟ್ಟೆ. ಸರ್ಕಾರದ ಹಣ ಪಡೆದ ವಸತಿಯಲ್ಲಿ ಮಾತ್ರ ಮಾಲೀಕ ಭರಿಸಬೇಕು. ಮಾಲೀಕ ತಾನೂ ವಾಸವಿರುವ, ನಾಲ್ಕು ಅಥವಾ ಅದಕ್ಕಿಂತ ಕಡಿಮೆ ಮನೆಗಳ ಕಟ್ಟಡಕ್ಕೆ ಕೇಂದ್ರ ಕಾನೂನು ಬಹುಮಟ್ಟಿಗೆ ವಿನಾಯಿತಿ ಕೊಟ್ಟಿದೆ. ಆದರೆ ಅಂಥವನೂ ಮಕ್ಕಳು ಬೇಡ ಎಂದು ಜಾಹೀರಾತು ಹಾಕುವಂತಿಲ್ಲ. ಬೆಂಗಳೂರಿನ ಮಹಡಿ ಮನೆಗಳ ಬಹುಪಾಲು ಈ ವಿನಾಯಿತಿಯೊಳಗೇ ಬಂದುಬಿಡುತ್ತವೆ ಎಂಬುದನ್ನು, ಇಲ್ಲಿನ ಕಾನೂನನ್ನು ಹಾಗೇ ನಕಲು ಮಾಡೋಣ ಎನ್ನುವವರು ಗಮನಿಸಬೇಕು. ಒಂದು ವರ್ಷದೊಳಗೆ ದೂರು ಕೊಡಬೇಕು, ಎರಡು ವರ್ಷದೊಳಗೆ ಕೋರ್ಟಿಗೆ ಹೋಗಬೇಕು. ಮನೆ ಬೇಕಾದವನಿಗೆ ಬೇಕಿರುವುದು ಮುಂದಿನ ತಿಂಗಳ ಒಂದನೇ ತಾರೀಖಿಗೆ. ಇಷ್ಟು ವರ್ಷಗಳ ಮೇಲೂ ವಸತಿ ತಾರತಮ್ಯದ ದೂರುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಅಂಗವೈಕಲ್ಯಕ್ಕೆ ಸಂಬಂಧಿಸಿದವೇ.

ಆದರೂ ಇಲ್ಲಿಂದ ಎರಡು ಸಂಗತಿಗಳನ್ನು ಒಯ್ಯಬಹುದು ಅನ್ನಿಸುತ್ತದೆ. ಕೇಂದ್ರ ಸಂಪುಟ 2021ರಲ್ಲಿ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆ, ಅಡ್ವಾನ್ಸು ಎರಡು ತಿಂಗಳ ಬಾಡಿಗೆ ಮೀರಬಾರದು ಎಂಬಷ್ಟು ಸೂಕ್ಷ್ಮಕ್ಕೆ ಇಳಿಯುತ್ತದೆ. ಅದನ್ನು ಆಧರಿಸಿ ಕರ್ನಾಟಕ ತನ್ನದೇ ಕಾನೂನು ಮಾಡುವುದಾದರೆ, ಬಾಡಿಗೆಗೆ ಬರುವವರ ಅಥವಾ ಅವರ ಮನೆಯವರ ಅಂಗವೈಕಲ್ಯದ ಕಾರಣಕ್ಕೆ ನಿರಾಕರಿಸಬಾರದು ಎಂಬ ಒಂದು ವಾಕ್ಯವನ್ನೂ, ಸ್ವಂತ ಖರ್ಚಿನಲ್ಲಿ ಮಾಡಿಕೊಳ್ಳುವ ಸಣ್ಣ ಮಾರ್ಪಾಡಿಗೆ ಅಡ್ಡಿ ಮಾಡಬಾರದು ಎಂಬ ಇನ್ನೊಂದನ್ನೂ ಸೇರಿಸಬಹುದು. ಇಲ್ಲಿನ ನಿಯಮಾವಳಿಯಲ್ಲಿ ನನಗೆ ತುಂಬ ಹಿಡಿಸಿದ ಒಂದು ವಿವರವಿದೆ: ಮನೆ ಬಿಡುವಾಗ ಕಂಬಿ ಕಳಚಿ ಗೋಡೆ ಸರಿಮಾಡಿ ಕೊಡು ಎಂದು ಮಾಲೀಕ ಕೇಳಬಹುದು, ಆದರೆ ಗೋಡೆಯೊಳಗೆ ಹಾಕಿಸಿದ ಹಲಗೆಯನ್ನು ತೆಗೆಸುವಂತಿಲ್ಲ, ಏಕೆಂದರೆ ಅದರಿಂದ ಯಾರಿಗೂ ತೊಂದರೆಯಿಲ್ಲ, ಮುಂದೆ ಬರುವ ಯಾರಿಗಾದರೂ ಬೇಕಾದೀತು. ಅಗಲ ಮಾಡಿಸಿದ ಬಾಗಿಲನ್ನು ಮತ್ತೆ ಕಿರಿದು ಮಾಡು ಎನ್ನುವಂತೆಯೂ ಇಲ್ಲ.

ತಂಗಿಯ ಹನ್ನೊಂದು ತಿಂಗಳ ಕರಾರು ಬರುವ ತಿಂಗಳು ಮುಗಿಯುತ್ತದೆ, ಓನರ್ ಮುಂದುವರಿಸುವ ಮನಸ್ಸಿನಲ್ಲಿಲ್ಲ. ಮೊನ್ನೆ ಫೋನಿನಲ್ಲಿ ಕೇಳಿದಳು: "ಅಣ್ಣ, ಈ ಸಲ ಮಗು ವಿಷಯ ಮೊದಲೇ ಹೇಳ್ಬಿಡ್ಲಾ, ಇಲ್ಲ ಅಡ್ವಾನ್ಸ್ ಕೊಟ್ಟ ಮೇಲೆ ಹೇಳ್ಲಾ?"