ಡಿಸಿ ಕೊಟ್ಟ ರಜೆ ಮನೆಶಾಲೆಗೂ ಅನ್ವಯಿಸುತ್ತದೆಯೇ?

ಮಳೆಗಾಲದ ರಾತ್ರಿಗಳಲ್ಲಿ ಮಂಗಳೂರಿನ ಮಕ್ಕಳು ದೇವರ ನಂತರ ಅತಿ ಹೆಚ್ಚು ನಂಬುವುದು ಜಿಲ್ಲಾಧಿಕಾರಿಗಳನ್ನು. ಮಳೆ ಜೋರಾದರೆ ಅವರು ಅಂಗನವಾಡಿಯಿಂದ ಹಿಡಿದು ಮೇಲಿನ ತರಗತಿಗಳವರೆಗೆ ರಜೆ ಘೋಷಿಸುತ್ತಾರೆ. ನನ್ನ ಇಬ್ಬರು ಮಕ್ಕಳು ಯಾವ ಶಾಲೆಗೂ ಹೋಗುವುದಿಲ್ಲ. ಅಡುಗೆಮನೆಗೆ ತಾಗಿದ ಊಟದ ಮೇಜೇ ಅವರ ತರಗತಿ, ನಾನೇ ಟೀಚರು. ಆದರೂ ಕಳೆದ ಜುಲೈಯ ಒಂದು ಬೆಳಿಗ್ಗೆ ಇಬ್ಬರೂ ಚಾದರದೊಳಗಿಂದಲೇ ರಜೆಯ ಆದೇಶವನ್ನು ನನಗೆ ಓದಿ ಹೇಳಿದರು. ನಮ್ಮ ಮನೆ ಆ ಆದೇಶದ ವ್ಯಾಪ್ತಿಗೆ ಬರುವುದಿಲ್ಲವೆಂದು ನಾನು ವಾದಿಸಿದಾಗ ಹನ್ನೆರಡರ ಮಗಳು, ಅಧಿಕಾರಿಗಳಿಗೆ ಎಲ್ಲರೂ ಅಧೀನರಾಗಿರಬೇಕೆಂದು ಬೈಬಲಿನಲ್ಲಿ ಪೌಲನು ರೋಮಾಪುರದವರಿಗೆ ಬರೆದ ಪತ್ರಿಕೆಯ 13ನೇ ಅಧ್ಯಾಯವನ್ನು ನನ್ನ ಮುಂದಿಟ್ಟಳು. ಆ ವಚನವನ್ನು ಬಾಯಿಪಾಠ ಮಾಡಿಸಿದವಳು ನಾನೇ. ಅಧಿಕಾರಿ ಎಂದರೆ ಅಮ್ಮ ಎಂದು ಅವರು ತಿಳಿದುಕೊಳ್ಳುವರೆಂಬ ದುರಾಸೆಯಿಂದ.

ಮಕ್ಕಳನ್ನು ಮನೆಯಲ್ಲೇ ಓದಿಸುತ್ತೇವೆಂದಾಗ ಎಲ್ಲರಿಗಿಂತ ಹೆಚ್ಚು ನೊಂದವರು ನಿವೃತ್ತ ಕನ್ನಡ ಪಂಡಿತರಾದ ನಮ್ಮ ಮಾವನವರು. 1834ರಲ್ಲಿ ಬಾಸೆಲ್ ಮಿಷನ್ನಿನ ಮೂವರು ಕ್ರೈಸ್ತ ಮಿಷನರಿಗಳು ಈ ಊರಿಗೆ ಬಂದದ್ದು, ಅನಂತರ ಶಾಲೆ, ಅಚ್ಚುಕೂಟಗಳು ಎದ್ದದ್ದು, 1843ರಲ್ಲಿ ‘ಮಂಗಳೂರ ಸಮಾಚಾರ’ ಪತ್ರಿಕೆ ಹೊರಟದ್ದು, 1894ರಲ್ಲಿ ಕಿಟೆಲರ ಕನ್ನಡ-ಇಂಗ್ಲಿಷ್ ನಿಘಂಟು ಬಂದದ್ದು, ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿ, “ಊರಿಗೆಲ್ಲ ಅಕ್ಷರ ಹಂಚಿದ ಕ್ರೈಸ್ತ ಸಭೆ ನಮ್ಮದು, ಈಗ ನಮ್ಮ ಮೊಮ್ಮಕ್ಕಳಿಗೇ ಶಾಲೆಯಿಲ್ಲ” ಎಂದು ನಿಟ್ಟುಸಿರಿಟ್ಟರು. ಅವರ ಬಾಯಿ ಮುಚ್ಚಿಸಲೆಂದೇ ನಾನು ಮನೆಯನ್ನು ಶಾಲೆಗಿಂತ ಶಿಸ್ತಿನ ಶಾಲೆ ಮಾಡಹೊರಟೆ. ಹಿತ್ತಾಳೆಯ ಗಂಟೆ ಬಂತು, ಎಂಟು ಪೀರಿಯಡ್ಡುಗಳ ವೇಳಾಪಟ್ಟಿ ಗೋಡೆಗೇರಿತು. ಎರಡನೆಯ ಪೀರಿಯಡ್ಡಿಗೆ ಮೀನಿನವಳು, ಮೂರನೆಯದಕ್ಕೆ ಗ್ಯಾಸ್ ಸಿಲಿಂಡರು. ಎಂಟರ ಮಗ ಕುಕ್ಕರಿನ ಮೂರನೆಯ ಸೀಟಿಯನ್ನೇ ಗಣಿತ ಮುಗಿದ ಗಂಟೆಯೆಂದು ತಿಳಿದನು. ಬೇಳೆ ಬೇಗ ಬೇಯಲೆಂದು ಅವನಷ್ಟು ಭಕ್ತಿಯಿಂದ ಪ್ರಾರ್ಥಿಸಿದವರು ನಮ್ಮ ಸಭೆಯಲ್ಲಿ ಬೇರೆ ಇರಲಾರರು. ಆದ್ದರಿಂದ ಹೊಸದಾಗಿ ಆರಂಭಿಸುವವರಿಗೆ ನಾನು ಹೇಳುವ ಮೊದಲ ಮಾತು: ದಯವಿಟ್ಟು ಗಂಟೆ ಕೊಳ್ಳಬೇಡಿ. ಇಬ್ಬರು ಮಕ್ಕಳಿಗೆ ಬೆಳಗಿನ ಎರಡೂವರೆ ಗಂಟೆ ಧಾರಾಳವಾಗಿ ಸಾಕು. ಶಾಲೆಯ ಉಳಿದ ಸಮಯ ಹಾಜರಿಗೆ, ಸಾಲಿಗೆ, ಸದ್ದಡಗಿಸುವುದಕ್ಕೆ ಹೋಗುತ್ತದೆಯೆಂದು ಈಗ ಮಾವನವರೇ ಒಪ್ಪುತ್ತಾರೆ.

ಎರಡನೆಯ ಮಾತು: ವಯಸ್ಸು ಬೇರೆಯಾದರೂ ಪಾಠ ಒಂದೇ ಇರಲಿ, ಆದರೆ ಆ ಪಾಠ ಮನೆಯ ಗೇಟಿನೊಳಗೇ ಇರಲಿ. ಇದನ್ನು ನಾನು ಕಲಿತದ್ದು ಜಲಪ್ರಳಯಕ್ಕೆ ಮುನ್ನ ನಾವೆ ಕಟ್ಟಿದ ಬೈಬಲಿನ ನೋಹನಿಂದ. ನಾವೆಯ ಉದ್ದ ಮುನ್ನೂರು ಮೊಳ, ಅಗಲ ಐವತ್ತು, ಎತ್ತರ ಮೂವತ್ತು. ಮಗಳಿಗೆ ಗುಣಾಕಾರ, ಮಗನಿಗೆ ಎಣಿಕೆ, ಇಬ್ಬರಿಗೂ ಬೈಬಲ್ ಪಾಠ, ಒಂದೇ ಏಟಿಗೆ ಮೂರು ಹಕ್ಕಿಯೆಂದು ಬೀಗಿ, ಹಗ್ಗ ಮತ್ತು ಸುಣ್ಣದ ಪುಡಿ ಹಿಡಿದು ಮೂವರೂ ಓಣಿಗೆ ಇಳಿದೆವು. ಮೊಳವೆಂದರೆ ಯಾರ ಮೊಳ ಎಂಬ ಪ್ರಶ್ನೆ ಅಲ್ಲೇ ಎದ್ದಿತು. ಮಾವನವರ ಕೈ 45 ಸೆಂಟಿಮೀಟರು. ಆ ಲೆಕ್ಕದಲ್ಲಿ ನಾವೆಯ ಉದ್ದ 135 ಮೀಟರು. ಮಗನ ಕೈ 33. ಅವನ ನಾವೆ 99 ಮೀಟರಿಗೇ ಮುಗಿಯುತ್ತಿತ್ತು. ಹಬ್ಬದ ಹಿಂದಿನ ದಿನ ಸೇವಂತಿಗೆ ಮಾರುವವಳ ಮೊಳ ಇನ್ನೂ ಗಿಡ್ಡವೆಂದು ಮಗಳು ಸೇರಿಸಿದಳು. ಹಿರಿಯರ ಮೊಳವೇ ಗೆದ್ದಿತು. ಉದ್ದಕ್ಕೆ ತೊಂದರೆಯಾಗಲಿಲ್ಲ; ಅಗಲ ಮಾತ್ರ ಇಪ್ಪತ್ತೆರಡೂವರೆ ಮೀಟರಾಗಿ ಎರಡೂ ಬದಿಯ ಕಂಪೌಂಡುಗಳನ್ನು ದಾಟಿತು. ಮಗಳು ಶ್ರದ್ಧೆಯಿಂದ ಗೋಡೆಗಳ ಮೇಲೆಲ್ಲ ಸುಣ್ಣದ ಗುರುತು ಹಾಕಿದ್ದಳು. ಹತ್ತು ನಿಮಿಷದೊಳಗೆ ಇಡೀ ಓಣಿಯಲ್ಲಿ ರಸ್ತೆ ಅಗಲೀಕರಣದ ಸುದ್ದಿ ಹಬ್ಬಿತು. “ಎಂಥ ಮಾರಾಯ್ತಿ, ನಮ್ಮ ಬಾವಿಯೂ ಹೋಗ್ತದಾ?” ಎನ್ನುತ್ತ ಎದುರು ಮನೆಯ ಬಾಯಮ್ಮ ಓಡಿಬಂದರು, ಪಕ್ಕದ ಮನೆಯವರು ಆರ್‌ಟಿಸಿಯ ಪ್ರತಿಯನ್ನೇ ಹಿಡಿದು ಬಂದರು. ಇದು ಪಾಲಿಕೆಯ ಗುರುತಲ್ಲ, ನೋಹನ ನಾವೆಯ ಗುರುತು ಎಂದು ವಿವರಿಸಿದಾಗ ಅವರ ಮುಖದ ಮೇಲಿನ ಭಯ ಹೋಗಿ, ನನ್ನ ಬಗ್ಗೆ ಕನಿಕರ ಮೂಡಿತು.

ಹೇಗೂ ಎಲ್ಲರೂ ಸೇರಿದ್ದರಿಂದ, ಹೋದಲ್ಲೆಲ್ಲ ಎದುರಾಗುವ ಆ ಪ್ರಶ್ನೆಯೂ ಬಂತು: “ಹತ್ತನೇ ಕ್ಲಾಸು ಹೇಗೆ?” ಸುಣ್ಣದ ಕೈಯಲ್ಲೇ ಉತ್ತರಿಸಿದೆ. ಹದಿನಾಲ್ಕು ತುಂಬಿದ ಮೇಲೆ ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆ, ಅಂದರೆ ಎನ್‌ಐಓಎಸ್‌ನಲ್ಲಿ ಹೆಸರು ನೋಂದಾಯಿಸಬಹುದು. ಪರೀಕ್ಷೆ ವರ್ಷಕ್ಕೆ ಎರಡು ಬಾರಿ ನಡೆಯುತ್ತದೆ. ನೋಂದಣಿ ಐದು ವರ್ಷ ಊರ್ಜಿತವಾಗಿರುವುದರಿಂದ ವಿಷಯಗಳನ್ನು ಬಿಡಿಬಿಡಿಯಾಗಿಯೂ ಬರೆಯಬಹುದು. ಸ್ನೇಹಿತರಿಲ್ಲವಲ್ಲ ಎಂದವರಿಗೆ ಸಂಡೇ ಸ್ಕೂಲನ್ನು ತೋರಿಸಿದೆ. ಡಿಸೆಂಬರಿನಲ್ಲಿ ಕ್ಯಾರಲ್ ಅಭ್ಯಾಸಕ್ಕೆ ನಮ್ಮ ಮನೆಗೆ ಬರುವ ಸ್ನೇಹಿತರ ಸಂಖ್ಯೆಯನ್ನು ಬಾಯಮ್ಮನವರ ಕಿವಿಗಳೇ ಬಲ್ಲವು.

ಇಷ್ಟು ಅನುಭವವಿದ್ದವಳು ಒಂದು ಮಳೆಯ ರಜೆಗೆ ಸೋಲುವುದೇ? ಪೌಲನಿಗೆ ಉತ್ತರವಾಗಿ ನಾನು ಮೋಶೆಯನ್ನು ಕರೆತಂದೆ. ಮನೆಯಲ್ಲಿ ಕುಳಿತಿರುವಾಗಲೂ ದಾರಿಯಲ್ಲಿ ನಡೆಯುವಾಗಲೂ ಮಲಗುವಾಗಲೂ ಏಳುವಾಗಲೂ ಮಕ್ಕಳಿಗೆ ಕಲಿಸಬೇಕೆಂದು ಧರ್ಮೋಪದೇಶಕಾಂಡದ 6ನೇ ಅಧ್ಯಾಯದಲ್ಲಿದೆ, ಅಲ್ಲಿ ರಜೆಯ ಮಾತೇ ಇಲ್ಲ ಎಂದೆ. ಮಗ ಚಾದರದಿಂದ ತಲೆ ಮಾತ್ರ ಹೊರಗೆ ಹಾಕಿ, “ನಾವು ಇನ್ನೂ ಎದ್ದಿಲ್ಲ ಅಮ್ಮ, ಮಲಗಿದಲ್ಲಿಗೇ ಕಲಿಸಿ” ಎಂದನು. ಬಾಗಿಲಲ್ಲಿ ನಿಂತಿದ್ದ ಮಾವನವರು ಕನ್ನಡಕ ಸರಿಪಡಿಸಿಕೊಂಡು, ವ್ಯಾಕರಣದ ದೃಷ್ಟಿಯಿಂದ ಹುಡುಗನ ಅರ್ಥವೇ ಸರಿಯೆಂದು ತೀರ್ಪಿತ್ತರು. ನಾನು ಗೋಡೆಗೆ ಒರಗಿ ಕುಳಿತು, ಮಲಗಿದವರಿಗೆ ಭಿನ್ನರಾಶಿ ಕಲಿಸಿದೆ.

ಸಂಜೆಯಾದರೂ ಮಳೆ ಬಿಡಲಿಲ್ಲ. ಮರುದಿನಕ್ಕೂ ರಜೆ ಘೋಷಣೆಯಾಗಿದೆಯೇ ಎಂದು ರಾತ್ರಿ ಮೊಬೈಲಿನಲ್ಲಿ ಮೊದಲು ನೋಡಿದವಳು ನಾನೇ.